ಬಾಕ್ಸೂ ಬಾಕ್ಸರೂ

ಕೋಲಾರದ ಎಪಿಎಂಸಿ ಹೊರಗೆ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಟೊಮೆಟೊ ಲೋಡ್ ಇಳಿಸಿ ಬಂದ ಇಬ್ಬರು ಹುಡುಗರು ಮೊಬೈಲ್ ಹಿಡಿದು, ಬಾಕ್ಸಿಂಗ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಅಂತ ವಾದಕ್ಕೆ ಬಿದ್ದಿದ್ದರು. ಒಬ್ಬನಿಗೆ ಮುಹಮ್ಮದ್ ಅಲಿಯೇ ದೇವರು. ಇನ್ನೊಬ್ಬ, "ಲೇ, ರಾಕಿ ಮಾರ್ಸಿಯಾನೊ 49 ಆಡಿ 49ನ್ನೂ ಗೆದ್ದವ್ನೆ. ನಿಮ್ಮ ಅಲಿ ಐದು ಸಲ ಸೋತವ್ನೆ ಕಣೋ" ಅಂದ.

ಲೆಕ್ಕ ಸರಿಯೇ. ಆದರೆ ಮಂಡಿಯಲ್ಲಿ ಬಾಕ್ಸ್‌ನ ಮೇಲಿನ ಸಾಲು ನೋಡಿ ಯಾರೂ ರೇಟು ಕೂಗಲ್ಲ ಅಲ್ವಾ? ಕೈ ತೂರಿಸಿ ಅಡಿಯ ಹಣ್ಣು ತೆಗೆದು ನೋಡುತ್ತಾರೆ. 49ರ ಅಡಿಗೂ ಕೈ ಹಾಕಿ. ಮಾರ್ಸಿಯಾನೊ ಹೊಡೆದು ಕೆಡವಿದ ದೊಡ್ಡ ಹೆಸರುಗಳಲ್ಲಿ ವಾಲ್ಕಾಟ್, ಮೂರ್ ಇಬ್ಬರೂ ನಲವತ್ತರ ಆಸುಪಾಸಿನವರು. ತಾನು ಮಾತ್ರ 32ಕ್ಕೇ ಕೈಗವಸು ಕಳಚಿಟ್ಟ. ಅಲಿ 39ರವರೆಗೂ ಆಡಿದ. ಅವನ ಕೊನೆಯ ಎರಡು ಸೋಲು 38 ದಾಟಿದ ಮೇಲಿನವು.

ಈ ತೊಂದರೆಗೆ ಚೆಸ್‌ನಲ್ಲಿ ಒಂದು ಉಪಾಯವಿದೆ. ಭೌತಶಾಸ್ತ್ರದ ಮೇಷ್ಟ್ರು ಅರ್ಪಾಡ್ ಇಲೋ ಮಾಡಿದ್ದು. ಬಲಿಷ್ಠನನ್ನು ಗೆದ್ದರೆ ಜಾಸ್ತಿ ಅಂಕ, ಸಪ್ಪೆಯವನನ್ನು ಗೆದ್ದರೆ ಚಿಲ್ಲರೆ. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ, ನೂರಕ್ಕೆ ಸುಮಾರು 76 ಪಾಲು ಮೇಲಿನವನದೇ. ಬಾಕ್ಸಿಂಗ್‌ಗೂ ಇದನ್ನು ಹಚ್ಚಬಹುದು. ಆದರೆ ಆ ಅಂಕ ಆಯಾ ಕಾಲದ ಎದುರಾಳಿಗಳ ನಡುವಿನ ಲೆಕ್ಕ, ಅಷ್ಟೇ. 2023ರ ಜುಲೈನಲ್ಲಿ ಇಲ್ಲೇ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಹಣ್ಣು ಬದಲಾಗಿರಲಿಲ್ಲ, ಆವಕ ಬದಲಾಗಿತ್ತು.

ಇನ್ನೊಂದು ಗಂಟು ಇದಕ್ಕಿಂತ ಬಿಗಿ. ಫ್ರೇಜಿಯರ್ 1971ರಲ್ಲಿ ಅಲಿಯನ್ನು ಸೋಲಿಸಿದ, ನಾರ್ಟನ್ 1973ರಲ್ಲಿ. ಇವರಿಬ್ಬರನ್ನೂ ಫೋರ್‌ಮನ್ ಎರಡೆರಡೇ ರೌಂಡಿನಲ್ಲಿ ಮುಗಿಸಿದ. ಫ್ರೇಜಿಯರ್ ಅಂತೂ ಆರು ಸಲ ನೆಲಕ್ಕೆ ಬಿದ್ದ. ಹಾಗಿದ್ದರೆ ಫೋರ್‌ಮನ್ ಮುಂದೆ ಅಲಿ ಯಾವ ಲೆಕ್ಕ? 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ, ತೋಳು ಅಡ್ಡ ಹಿಡಿದು, ಸುಮ್ನೆ ಹೊಡೆಸಿಕೊಂಡ. ಹೊಡೆದೂ ಹೊಡೆದೂ ಫೋರ್‌ಮನ್ ಸುಸ್ತಾದ. ಎಂಟನೇ ರೌಂಡಿನಲ್ಲಿ ಮಕಾಡೆ. ಕಲ್ಲು, ಕಾಗದ, ಕತ್ತರಿ ಆಟದ ಹಾಗೆ ಒಬ್ಬನನ್ನು ಇನ್ನೊಬ್ಬ, ಅವನನ್ನು ಮತ್ತೊಬ್ಬ ಸೋಲಿಸುವ ಸುತ್ತು ಇದು. ತಲೆಗೊಂದು ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಈ ಸುತ್ತು ಅದರಲ್ಲಿ ಹಿಡಿಯಲ್ಲ.

ಅಲಿ–ಮಾರ್ಸಿಯಾನೊ ಜಗಳವನ್ನು ಕಂಪ್ಯೂಟರ್‌ಗೂ ಒಪ್ಪಿಸಿದ್ದರು. 1969ರಲ್ಲಿ ಇಬ್ಬರನ್ನೂ ಕರೆಸಿ ಚಿತ್ರೀಕರಿಸಿದರು. 45ರ ಮಾರ್ಸಿಯಾನೊ ತೂಕ ಇಳಿಸಿ, ವಿಗ್ ಹಾಕಿಕೊಂಡು ಬಂದಿದ್ದ! ಮಾರ್ಸಿಯಾನೊಗೆ 13ನೇ ರೌಂಡಿನಲ್ಲಿ ನಾಕೌಟ್ ಗೆಲುವು ಅಂತ ತೀರ್ಪಾಯಿತು. ಆದರೆ ಯಂತ್ರಕ್ಕೆ ಉಣಿಸಿದ ಅಂಕಗಳು ಮನುಷ್ಯರೇ ಕೊಟ್ಟವು.

ನನ್ನನ್ನು ಕೇಳಿದರೆ, ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ, ಎಷ್ಟು ದಿನ ಮುಂದಿದ್ದ ಅಂತ ನೋಡುವುದೇ ವಾಸಿ. ಹುಡುಗರಿಗೆ ಜೋ ಲೂಯಿಸ್ ಹೆಸರು ಹೇಳಿದೆ. 1937ರಿಂದ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಚಾಂಪಿಯನ್, ಪಟ್ಟ ಉಳಿಸಿಕೊಂಡದ್ದು 25 ಸಲ.

ಮಾರ್ಸಿಯಾನೊ ಕಡೆಯವನು ಮೊಬೈಲ್‌ನಲ್ಲಿ ಹುಡುಕಿ ಕುಣಿದಾಡಿಬಿಟ್ಟ. "ಸಾರ್, ಇವನ್ನೂ ನಮ್ಮೋನೇ ಹೊಡ್ದವ್ನೆ! 1951ರಲ್ಲಿ!"

"ಆವಾಗ ಲೂಯಿಸ್‌ಗೆ ವಯಸ್ಸೆಷ್ಟು, ನೋಡಪ್ಪ" ಅಂದೆ.

ಬೆರಳಲ್ಲಿ ಪರದೆ ಸರಿಸುತ್ತಾ ಹೋದ. "37" ಅಂದ, ಮೆಲ್ಲಗೆ.