ಕುತ್ತಿಗೆ ಸ್ಕ್ಯಾನ್ ಮಾಡಿಸುವ ಮೊದಲು

ಮಂಗಳೂರಿನಲ್ಲಿ ನಾನು ಈಗ ನೋಡುವ ಥೈರಾಯ್ಡ್ ಗಂಟುಗಳು ಎಷ್ಟೋ ಸಲ ಮುಟ್ಟಿದರೆ ಕೈಗೆ ಸಿಗುವಂಥವಲ್ಲ. ಚೆಕಪ್ ಪ್ಯಾಕೇಜಿನಲ್ಲಿ ಕುತ್ತಿಗೆಯ ಸ್ಕ್ಯಾನಿಂಗೂ ಇರುತ್ತದೆ. ಆರು ಮಿಲಿಮೀಟರಿನ ಗಂಟು ಕಾಣುತ್ತದೆ. ಸೂಜಿ ಪರೀಕ್ಷೆಯಲ್ಲಿ 'ಪ್ಯಾಪಿಲರಿ ಕ್ಯಾನ್ಸರ್', ಅಂದರೆ ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಬಗೆ, ಎಂದು ಬರುತ್ತದೆ. ಉಡುಪಿಯಿಂದಲೋ ಕಾಸರಗೋಡಿನಿಂದಲೋ ರಿಪೋರ್ಟ್ ಹಿಡಿದು ಬಂದವರ ಮೊದಲ ಪ್ರಶ್ನೆ, "ಡಾಕ್ಟ್ರೇ, ಆಪರೇಷನ್ ಯಾವಾಗ?"

ಅವರಿಗೆ ನಾನು ದಕ್ಷಿಣ ಕೊರಿಯಾದಲ್ಲಿ ಆದದ್ದನ್ನು ಹೇಳುತ್ತೇನೆ. ಅಲ್ಲಿ 1999ರಲ್ಲಿ ಸರ್ಕಾರವೇ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಕುತ್ತಿಗೆಯನ್ನೂ ಸ್ಕ್ಯಾನ್ ಮಾಡಿಕೊಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟು ಆಗಿತ್ತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ರೋಗ ನಿಜಕ್ಕೂ ಅಷ್ಟು ಹೆಚ್ಚಿದ್ದರೆ ಸಾವೂ ಏರಬೇಕಿತ್ತು, ಅಲ್ವಾ? ಬೇಗ ಪತ್ತೆಯಾಗಿ ಜೀವ ಉಳಿದಿದ್ದರೆ ಇಳಿಯಬೇಕಿತ್ತು. ಎರಡೂ ಆಗಲಿಲ್ಲ. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಈ ಕುತ್ತಿಗೆ ಸ್ಕ್ಯಾನಿಂಗನ್ನು ವಿರೋಧಿಸಿದರು. ವರ್ಷದೊಳಗೆ ಆಪರೇಷನ್‌ಗಳು ಸುಮಾರು ಮೂರನೇ ಒಂದು ಭಾಗ ಇಳಿದವು.

ಫಿನ್ಲೆಂಡಿನಲ್ಲಿ 1985ರಲ್ಲೇ ಇನ್ನೊಂದು ಸಂಗತಿ ಗೊತ್ತಾಗಿತ್ತು. ಶವಪರೀಕ್ಷೆಯಲ್ಲಿ ಥೈರಾಯ್ಡನ್ನು ತೆಳ್ಳಗೆ ಸೀಳಿ ನೋಡಿದರೆ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಪುಟ್ಟ ಪ್ಯಾಪಿಲರಿ ಕ್ಯಾನ್ಸರ್ ಸುಮ್ನೆ ಕೂತಿತ್ತು. ಹುಡುಕಿದಷ್ಟೂ ಸಿಗುವ ಕ್ಯಾನ್ಸರ್ ಇದು.

ಆಪರೇಷನ್‌ಗೆ ಬೆಲೆ ಇದೆ. ಇಡೀ ಗ್ರಂಥಿ ತೆಗೆದರೆ ಬದುಕಿರುವವರೆಗೂ ದಿನಾ ಮಾತ್ರೆ. ಕೆಲವರಿಗೆ ಕ್ಯಾಲ್ಸಿಯಂ ಇಳಿದು ಬೆರಳು ಜುಮ್ಮೆನ್ನುತ್ತದೆ. ದನಿಯ ನರಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ. ಶಾಲೆಯ ಟೀಚರಿಗೆ, ಯಕ್ಷಗಾನದ ಭಾಗವತರಿಗೆ ಇದು ಸಣ್ಣ ನಷ್ಟವಲ್ಲ.

ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ 1993ರಿಂದ ಒಂದು ಸೆಂಟಿಮೀಟರಿನೊಳಗಿನ, ಅಪಾಯದ ಲಕ್ಷಣವಿಲ್ಲದ ಇಂಥ ಗಂಟುಗಳನ್ನು ಕತ್ತರಿಸದೆ, ಆಗಾಗ ಸ್ಕ್ಯಾನ್ ಮಾಡುತ್ತಾ ಕಾಯುತ್ತಿದೆ. ಹತ್ತು ವರ್ಷದಲ್ಲಿ ಬೆಳೆದದ್ದು ನೂರರಲ್ಲಿ ಸುಮಾರು ಎಂಟು. ಅವರಿಗೆ ಆಮೇಲೆ ಆಪರೇಷನ್ ಮಾಡಿದರೂ ತಡವಾಗಲಿಲ್ಲ. ಹಾಗಾಗಿ ಗಂಟು ಎಷ್ಟು ದೊಡ್ಡದು, ಶ್ವಾಸನಾಳಕ್ಕೆ ಅಂಟಿದೆಯಾ, ಕಾಯಬಹುದಾ ಎಂದು ನಿಮ್ಮ ವೈದ್ಯರನ್ನು ಧೈರ್ಯವಾಗಿ ಕೇಳಿ. ಯಾವ ತೊಂದರೆಯೂ ಇಲ್ಲದಿದ್ದರೆ ಪ್ಯಾಕೇಜಿನಲ್ಲಿದೆ ಎಂಬ ಕಾರಣಕ್ಕೆ ಕುತ್ತಿಗೆ ಸ್ಕ್ಯಾನ್ ಬೇಡ.

ಆದರೆ ಎಲ್ಲ ಥೈರಾಯ್ಡ್ ಕ್ಯಾನ್ಸರೂ ಇಷ್ಟು ಸಾಧು ಅಲ್ಲ. ಗಂಟು ಬೇಗ ಬೇಗ ದಪ್ಪವಾಗುತ್ತಿದ್ದರೆ, ದನಿ ಬದಲಾಗಿ ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದರೆ ತಡಮಾಡದೆ ತೋರಿಸಿ.