ನ್ಯೂಟನ್ ಯಾರ ಕಡೆಯವನು?

ವಿಜ್ಞಾನ ಮತ್ತು ದೇವರ ಕುರಿತು ಎಲ್ಲಿ ವಾದ ಎದ್ದರೂ ಸ್ವಲ್ಪ ಹೊತ್ತಿನಲ್ಲೇ ಹೆಸರುಗಳ ಪಟ್ಟಿ ಹೊರಬರುತ್ತದೆ. ಒಬ್ಬರು ಕೆಪ್ಲರ್, ನ್ಯೂಟನ್, ಫ್ಯಾರಡೆ, ರಾಮಾನುಜನ್ ಎಂದು ಎಣಿಸುತ್ತಾರೆ. ಇನ್ನೊಬ್ಬರು ಚರ್ಚಿನ ಕೈಯಲ್ಲಿ ಗೆಲಿಲಿಯೊಗೆ ಆದದ್ದೇನು ಎಂದು ಕೇಳುತ್ತಾರೆ. ಐನ್‌ಸ್ಟೀನ್ ಎರಡೂ ಕಡೆ ಕಾಣಿಸಿಕೊಳ್ಳುತ್ತಾರೆ. ಗೆಲಿಲಿಯೊ ಸಾಯುವವರೆಗೂ ಕ್ಯಾಥೊಲಿಕನಾಗಿಯೇ ಇದ್ದ ಎಂಬುದು ಯಾರಿಗೂ ಅಷ್ಟಾಗಿ ನೆನಪಾಗುವುದಿಲ್ಲ.

ವಿಜ್ಞಾನಿ ದೇವರನ್ನು ನಂಬುತ್ತಾನೆಯೇ ಎಂಬುದು ಬಹುಕಾಲ ಪ್ರಶ್ನೆಯೇ ಆಗಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ವನ್ನು ಜಿನಸ್ತುತಿಯಿಂದಲೇ ಆರಂಭಿಸಿದ. ಪಾದ್ರಿಯಾಗಲು ಹೊರಟು ದೇವತಾಶಾಸ್ತ್ರ ಓದಿದ್ದ ಕೆಪ್ಲರ್, ಗ್ರಹಗಳ ಪಥದಲ್ಲಿ ದೇವರ ಯೋಜನೆಯನ್ನೇ ಹುಡುಕುತ್ತಿದ್ದ. ಆದರೂ 1612ರಲ್ಲಿ ಲಿಂಜ್ ನಗರದಲ್ಲಿ ಅವನದೇ ಲೂಥರನ್ ಪಂಥ ಅವನನ್ನು ಚರ್ಚಿನ ಮುಖ್ಯ ವಿಧಿಯಾದ ಪ್ರಭುಭೋಜನದಿಂದ ಹೊರಗಿಟ್ಟಿತು. ನಂಬಿದವರಿಗೂ ತೊಂದರೆ ತಪ್ಪುತ್ತಿರಲಿಲ್ಲ. ಯಾವ ವಿವರದಲ್ಲಿ ಹೇಗೆ ನಂಬುತ್ತೀರಿ ಎಂಬುದರ ಮೇಲೆ ನೌಕರಿ, ಕೆಲವೊಮ್ಮೆ ಜೀವವೂ ನಿಂತಿರುತ್ತಿತ್ತು.

ನ್ಯೂಟನ್‌ನ ಕತೆ ಅರ್ಥವಾಗುವುದು ಇಲ್ಲಿಂದ. ದೇವತಾಶಾಸ್ತ್ರದ ಬಗ್ಗೆ ಅವನು ಹತ್ತು ಲಕ್ಷಕ್ಕೂ ಹೆಚ್ಚು ಪದಗಳನ್ನು ಬರೆದಿಟ್ಟಿದ್ದ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ತ್ರಿತ್ವದ ಸಿದ್ಧಾಂತ ನಂತರದ ಸೇರ್ಪಡೆ ಎಂದೇ ಅವನು ತಿಳಿದಿದ್ದ. ಅವನು ಇದ್ದದ್ದು ಮಾತ್ರ ಕೇಂಬ್ರಿಜ್‌ನ ಟ್ರಿನಿಟಿ, ಅಂದರೆ ತ್ರಿತ್ವ ಎಂಬ ಹೆಸರಿನದೇ ಕಾಲೇಜಿನಲ್ಲಿ! ಅಲ್ಲಿ ಫೆಲೋ ಆಗಿ ಮುಂದುವರಿಯಲು ದೀಕ್ಷೆ ಪಡೆದು ಪಾದ್ರಿಯಾಗಬೇಕಿತ್ತು. 1675ರಲ್ಲಿ ಎರಡನೆಯ ಚಾರ್ಲ್ಸ್ ದೊರೆ, ಅವನು ಹೊಂದಿದ್ದ ಲುಕೇಸಿಯನ್ ಗಣಿತ ಪೀಠದ ಪ್ರಾಧ್ಯಾಪಕರಿಗೆ ಈ ನಿಯಮದಿಂದ ವಿನಾಯಿತಿ ಕೊಟ್ಟಿದ್ದರಿಂದ ಅವನು ಬಚಾವಾದ. ಬೈಬಲಿನ ಎರಡು ವಚನಗಳನ್ನು ತಿದ್ದಲಾಗಿದೆ ಎಂದು ವಾದಿಸುವ ಪ್ರಬಂಧವನ್ನು 1690ರಲ್ಲಿ ಗೆಳೆಯ, ತತ್ವಜ್ಞಾನಿ ಜಾನ್ ಲಾಕ್‌ಗೆ ಕಳಿಸಿದ. ಹೆಸರಿಲ್ಲದೆ ಅಚ್ಚಾಗುವ ಸಿದ್ಧತೆ ನಡೆದಾಗ ಹೆದರಿ ತಡೆದ. ಹೆದರಿಕೆಗೆ ಕಾರಣವೂ ಇತ್ತು. 1697ರಲ್ಲಿ ಎಡಿನ್‌ಬರಾದಲ್ಲಿ ಥಾಮಸ್ ಐಕನ್‌ಹೆಡ್ ಎಂಬ ವಿದ್ಯಾರ್ಥಿಯನ್ನು ದೈವನಿಂದೆಗಾಗಿ ಗಲ್ಲಿಗೇರಿಸಲಾಯಿತು. ನ್ಯೂಟನ್‌ನ ಪೀಠಕ್ಕೆ ಬಂದ ವಿಲಿಯಂ ವಿಸ್ಟನ್ ಇಂಥದೇ ಅಭಿಪ್ರಾಯಗಳನ್ನು ಬಾಯಿಬಿಟ್ಟು ಹೇಳಿ 1710ರಲ್ಲಿ ಕೆಲಸ ಕಳೆದುಕೊಂಡ.

1727ರಲ್ಲಿ ನ್ಯೂಟನ್ ತೀರಿಕೊಂಡಾಗ ಕಾಗದಪತ್ರ ಪರಿಶೀಲಿಸಿದವರು ಬಹುಪಾಲು ಕಟ್ಟುಗಳನ್ನು ಮುದ್ರಣಕ್ಕೆ ಯೋಗ್ಯವಲ್ಲ ಎಂದು ಬದಿಗಿಟ್ಟರು. ಅವು ಅವನ ಮಲಸೋದರಿಯ ಮಗಳ ವಂಶದ ಮೂಲಕ ಪೋರ್ಟ್ಸ್‌ಮತ್ ಶ್ರೀಮಂತ ಮನೆತನಕ್ಕೆ ಸೇರಿದವು. 1831ರಲ್ಲಿ ನ್ಯೂಟನ್‌ನ ಜೀವನ ಚರಿತ್ರೆ ಬರೆದು ಅವನ ಸಂಪ್ರದಾಯನಿಷ್ಠೆಯನ್ನು ಸಮರ್ಥಿಸಿದ್ದ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್, ಆಮೇಲೆ ಆ ಕಟ್ಟುಗಳನ್ನು ನೋಡಿ ಕಸಿವಿಸಿಗೊಂಡ. 1855ರ ದೊಡ್ಡ ಆವೃತ್ತಿಯಲ್ಲಿ ಸತ್ಯವನ್ನು ಹೇಗೋ ಒಪ್ಪಿಕೊಂಡ. 1872ರಲ್ಲಿ ಮನೆತನ ಕಾಗದಗಳನ್ನು ಕೇಂಬ್ರಿಜ್‌ಗೆ ಕೊಡಲು ಮುಂದಾದಾಗ ವಿಶ್ವವಿದ್ಯಾಲಯ ವಿಜ್ಞಾನ, ಗಣಿತದ ಹಾಳೆಗಳನ್ನು ಇಟ್ಟುಕೊಂಡು ರಸವಿದ್ಯೆಯ ಮತ್ತು ದೇವತಾಶಾಸ್ತ್ರದ ಹೆಚ್ಚಿನ ಕಾಗದಗಳನ್ನು ಹಿಂದಿರುಗಿಸಿತು. ಧಾರ್ಮಿಕರಿಗೆ ಮುಜುಗರ ತಂದ ಕಾಗದಗಳು ವಿಜ್ಞಾನದವರಿಗೂ ಬೇಡವಾದವು. 1936ರ ಜುಲೈನಲ್ಲಿ ಲಂಡನ್ನಿನ ಹರಾಜು ಸಂಸ್ಥೆ ಸದಬೀಸ್‌ನಲ್ಲಿ ಅವು ಹರಾಜಾದವು. ಒಟ್ಟು ಹುಟ್ಟಿದ್ದು ಒಂಬತ್ತು ಸಾವಿರ ಪೌಂಡ್‌ಗಿಂತ ತುಸು ಹೆಚ್ಚು. ರಸವಿದ್ಯೆಯ ಬರಹಗಳಲ್ಲಿ ಬಹಳಷ್ಟನ್ನು ಅರ್ಥಶಾಸ್ತ್ರಜ್ಞ ಕೇನ್ಸ್ ಕೂಡಿಹಾಕಿದರು. ದೇವತಾಶಾಸ್ತ್ರದ ದೊಡ್ಡ ಪಾಲು ವಿದ್ವಾಂಸ ಅಬ್ರಹಾಂ ಯಹೂದಾ ಅವರ ಕೈಸೇರಿ, ಕಡೆಗೆ ಜೆರುಸಲೇಮಿನ ಗ್ರಂಥಾಲಯ ಮುಟ್ಟಿತು. ಇಂದು ಯಾರು ಬೇಕಾದರೂ ಅವುಗಳ ಲಿಪ್ಯಂತರವನ್ನು ಅಂತರ್ಜಾಲದಲ್ಲಿ ಓದಬಹುದು. ಪಟ್ಟಿ ಮಾಡುವವರು ಓದಿದಂತೆ ಕಾಣುವುದಿಲ್ಲ.

ಪಟ್ಟಿಯ ಚಾಳಿ ಬಲಿತದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಡಾರ್ವಿನ್‌ನ ಜೀವವಿಕಾಸದ ಕೃತಿ 1859ರಲ್ಲಿ ಬಂದಿತ್ತು. ವಿಜ್ಞಾನಕ್ಕೂ ಬೈಬಲಿಗೂ ನಿಜವಾದ ವಿರೋಧ ಇರಲಾರದು ಎಂಬ ಘೋಷಣಾಪತ್ರಕ್ಕೆ 1865ರ ಹೊತ್ತಿಗೆ 717 ಮಂದಿ ರುಜು ಹಾಕಿದ್ದರು. ಭೌತವಿಜ್ಞಾನಿ ಜೂಲ್ ಇದ್ದ, ನಮ್ಮ ಬ್ರೂಸ್ಟರ್ ಕೂಡ ಇದ್ದ. ಖಗೋಳಜ್ಞ ಜಾನ್ ಹರ್ಷೆಲ್ ಮಾತ್ರ ನಿರಾಕರಿಸಿದ. ಅವನು ದೈವಭಕ್ತನೇ, ವಿಜ್ಞಾನಿಗಳಿಂದ ಹೀಗೆ ನಂಬಿಕೆಯ ರುಜು ಕೇಳುವುದೇ ಅವನಿಗೆ ಸರಿಕಾಣಲಿಲ್ಲ. ಇನ್ನೊಂದು ಕಡೆ 1874ರಲ್ಲಿ ರಸಾಯನವಿಜ್ಞಾನಿ ಡ್ರೇಪರ್, 1896ರಲ್ಲಿ ಇತಿಹಾಸಕಾರ ಆಂಡ್ರ್ಯೂ ಡಿಕ್ಸನ್ ವೈಟ್ ಅಮೆರಿಕದಲ್ಲಿ ಬರೆದ ಗ್ರಂಥಗಳು ಇಡೀ ಚರಿತ್ರೆಯನ್ನು ಎರಡು ಸೇನೆಗಳ ಯುದ್ಧವಾಗಿ ಚಿತ್ರಿಸಿದವು. ಇಂದಿನ ಇತಿಹಾಸಕಾರರು ಆ ಚಿತ್ರವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ವಾದಿಸುವವರು ಬಿಟ್ಟಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗೋಜಲು ಹೆಚ್ಚಿತು. ರಾಮಾನುಜನ್ ತಮ್ಮ ಸೂತ್ರಗಳಿಗೆ ನಾಮಕ್ಕಲ್‌ನ ನಾಮಗಿರಿ ದೇವಿಯ ಕೃಪೆ ಕಾರಣ ಎನ್ನುತ್ತಿದ್ದರೆಂದು ಅವರನ್ನು ಬಲ್ಲವರು ಹೇಳಿದರು. ಎಲ್ಲ ಧರ್ಮಗಳೂ ಹೆಚ್ಚು ಕಡಿಮೆ ಸಮಾನವಾಗಿ ನಿಜ ಎಂದು ಅವರು ತಮಗೆ ಹೇಳಿದ್ದರೆಂದು ಅವರ ಜೊತೆ ಕೆಲಸ ಮಾಡಿದ ನಾಸ್ತಿಕ ಗಣಿತಜ್ಞ ಹಾರ್ಡಿ ನೆನೆದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಬೆಲ್ಜಿಯಂನ ಭೌತವಿಜ್ಞಾನಿ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ಆದರೆ 1951ರಲ್ಲಿ ಪೋಪ್ ಅದೇ ವಿಜ್ಞಾನದಲ್ಲಿ ಸೃಷ್ಟಿಗೆ ಪುಷ್ಟಿ ಕಂಡಾಗ ಅಸಮಾಧಾನಗೊಂಡವರಲ್ಲಿ ಅವರೂ ಒಬ್ಬರು. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1979ರ ನೊಬೆಲ್ ಔತಣಕೂಟದಲ್ಲಿ ಕುರಾನಿನ ಸಾಲುಗಳನ್ನು ಉದ್ಧರಿಸಿದರು. ಅವರ ಅಹಮದೀಯ ಪಂಥದವರು ಮುಸ್ಲಿಮರೇ ಅಲ್ಲ ಎಂದು ಪಾಕಿಸ್ತಾನ 1974ರಲ್ಲೇ ಸಂವಿಧಾನ ತಿದ್ದಿತ್ತು. ಅವರ ಜೊತೆ ಬಹುಮಾನ ಹಂಚಿಕೊಂಡ ಸ್ಟೀವನ್ ವೈನ್‌ಬರ್ಗ್ ಕಟ್ಟಾ ನಾಸ್ತಿಕರು. ಇಬ್ಬರೂ ಬೇರೆ ಬೇರೆಯಾಗಿ ಮುಟ್ಟಿದ್ದು ಒಂದೇ ಸಿದ್ಧಾಂತವನ್ನು.

ಹೆಸರುಗಳು ಸಾಲದೆ ಹೋದಾಗ ಅಂಕಿಗಳು ಬಂದವು. ಮನಶ್ಶಾಸ್ತ್ರಜ್ಞ ಜೇಮ್ಸ್ ಲ್ಯೂಬಾ 1914ರಲ್ಲಿ ಅಮೆರಿಕದ ವಿಜ್ಞಾನಿಗಳನ್ನು ಕೇಳಿದಾಗ ಸುಮಾರು ಶೇ 40 ಮಂದಿ ದೇವರನ್ನು ನಂಬುವುದಾಗಿ ಹೇಳಿದರು. 1996ರಲ್ಲಿ ಅದೇ ಪ್ರಶ್ನೆ ಹಾಕಿದಾಗಲೂ ಉತ್ತರ ಹೆಚ್ಚುಕಡಿಮೆ ಅಷ್ಟೇ. 1998ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಲ್ಲಿ ಅದು ಶೇ 7ಕ್ಕೆ ಇಳಿದಿತ್ತು. ಒಂದು ಕಡೆಯವರು 40 ಎನ್ನುತ್ತಾರೆ, ಇನ್ನೊಂದು ಕಡೆಯವರು 7 ಎನ್ನುತ್ತಾರೆ. ಪ್ರಶ್ನೆ ಏನಿತ್ತೆಂದು ಇಬ್ಬರೂ ಹೇಳುವುದು ಅಪರೂಪ. ಪ್ರಾರ್ಥನೆಗೆ ಓಗೊಡುವ ದೇವರನ್ನು ನಂಬುತ್ತೀರಾ ಎಂಬುದು ಅದರ ತಿರುಳು. ವಿಶ್ವದ ಸುಸಂಬದ್ಧತೆಯಲ್ಲಿ ತೋರುವ, ತತ್ವಜ್ಞಾನಿ ಸ್ಪಿನೋಜಾನ ದೇವರನ್ನು ಮಾತ್ರ ನಂಬುತ್ತೇನೆ ಎಂದು 1929ರಲ್ಲಿ ತಂತಿ ಕಳಿಸಿದ ಐನ್‌ಸ್ಟೀನ್, ಆ ಲೆಕ್ಕದಲ್ಲಿ ದೇವರನ್ನು ನಂಬದವರ ಗುಂಪಿಗೆ ಸೇರುತ್ತಾರೆ.