ಬರವಣಿಗೆ ತರಗತಿಯ ಹಾಜರಿ ಪುಸ್ತಕ

ವಾರಕ್ಕೆ ಮೂರು ಗಂಟೆಯಂತೆ ಹದಿನೈದು ವಾರ, ಒಟ್ಟು 45 ತರಗತಿ. ಅದರಲ್ಲಿ ಶೇ. 75 ಎಂದರೆ 34. ಉಳಿದ 11 ತರಗತಿಗೆ ಬರದಿದ್ದರೂ ವಿದ್ಯಾರ್ಥಿ ಪರೀಕ್ಷೆಗೆ ಕೂರಬಹುದು. ಇತಿಹಾಸದ ಪಾಠವಾಗಿದ್ದರೆ ಗೆಳೆಯರ ನೋಟ್ಸ್ ನೋಡಿ ಆ ಗಂಟೆಗಳನ್ನು ಹೇಗೋ ತುಂಬಿಕೊಳ್ಳಬಹುದು. ನನ್ನ ಬರವಣಿಗೆ ತರಗತಿಯಲ್ಲಿ ಒಂದು ಪ್ರಬಂಧ ವಿಷಯದ ಹುಡುಕಾಟದಿಂದ ಮೂರನೇ ಕರಡಿಗೆ ಬರಲು ನಾಲ್ಕು ವಾರ, ಅಂದರೆ 12 ತರಗತಿ ಬೇಕು. ಸತತ 11 ತಪ್ಪಿಸಿದವನಿಗೆ ಒಂದಿಡೀ ಪ್ರಬಂಧವೇ ಕೈತಪ್ಪಿದರೂ ರಿಜಿಸ್ಟರಿನಲ್ಲಿ ಅವನಿಗೆ ತೊಂದರೆಯಿಲ್ಲ. ಅಲ್ಲೊಂದು ಇಲ್ಲೊಂದು ಸೇರಿ 12 ತಪ್ಪಿಸಿ, ಎಲ್ಲ ಕರಡುಗಳನ್ನೂ ಕೊಟ್ಟವಳ ಹೆಸರು ಮಾತ್ರ ಶಾರ್ಟೇಜ್ ಪಟ್ಟಿಯಲ್ಲಿರುತ್ತದೆ.

ಶೇ. 75ರ ನಿಯಮ ವಿಶ್ವವಿದ್ಯಾಲಯದ್ದು. ಉಪನ್ಯಾಸಕರಾದ ನಾವು ಅದನ್ನು ಸಡಿಲಿಸಲೂ ಆಗದು, ಬಿಗಿಗೊಳಿಸಲೂ ಆಗದು. ಆದರೆ ಅದರೊಳಗೆ ನಮಗೆ ಸಾಕಷ್ಟು ಜಾಗವಿದೆ. ಯಾವ ದಿನ ತಪ್ಪಿಸಬಾರದು, ತಪ್ಪಿದರೆ ಬದಲಿಗೆ ಏನು ಮಾಡಬೇಕು, ಎಚ್ಚರಿಕೆ ಯಾವಾಗ ಕೊಡಬೇಕು, ಇವೆಲ್ಲ ನಮ್ಮ ತೀರ್ಮಾನ. ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರು ಹಾಜರಾತಿ ಬಗ್ಗೆ ಕೇಳಿದಾಗಲೆಲ್ಲ ನಾನು ಇದನ್ನೇ ಮೊದಲು ಹೇಳುತ್ತೇನೆ.

ಶುರುವಿನ ವರ್ಷಗಳಲ್ಲಿ ನಾನೂ ತಪ್ಪು ಮಾಡಿದ್ದೇನೆ. ಎಪ್ಪತ್ತು ಮಂದಿಯ ತರಗತಿಯಲ್ಲಿ ದಿನಾ ಹೆಸರು ಕೂಗುತ್ತಿದ್ದೆ. ಎಂಟು ನಿಮಿಷ ಹಿಡಿಯುತ್ತಿತ್ತು. 45 ದಿನಕ್ಕೆ ಲೆಕ್ಕ ಹಾಕಿದರೆ ಆರು ಗಂಟೆ, ಎರಡು ವಾರದ ಪಾಠ. ಆಮೇಲೆ ಮೊದಲ ಹತ್ತು ನಿಮಿಷ ಏನಾದರೂ ಬರೆಸಿ, ಆ ಚೀಟಿಯನ್ನೇ ಹಾಜರಿ ಅಂತ ತೆಗೆದುಕೊಂಡೆ. ಒಂದು ತಿಂಗಳಾದ ಮೇಲೆ ನೋಡಿದರೆ ಹಳ್ಳಿಯಿಂದ ಬರುವ ಹುಡುಗಿಯರ ಚೀಟಿಗಳೇ ಕಡಿಮೆ. ತರಗತಿ ಒಂಬತ್ತೂವರೆಗೆ, ಅವರ ಬಸ್ಸು ಸ್ಟ್ಯಾಂಡಿಗೆ ಬರುವುದು ಒಂಬತ್ತೂ ನಲವತ್ತಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಆದರೆ ಬಸ್ಸಿನ ವೇಳೆ ಬದಲಾಗಲಿಲ್ಲ. ಬರೆಸುವುದನ್ನು ಗಂಟೆಯ ಕೊನೆಗೆ ತಂದೆ. ಅಷ್ಟಕ್ಕೇ ಅವರ ಹಾಜರಿ ಸರಿಹೋಯಿತು. ಚೀಟಿಯಿಂದ ಇನ್ನೊಂದು ಅನುಕೂಲವೂ ಆಯಿತು. ಪ್ರಾಕ್ಸಿ ಹೊಡೆಯಬೇಕಾದರೆ ಗೆಳೆಯನ ಪರವಾಗಿ ಒಂದು ಪ್ಯಾರಾ ಬರೆಯಬೇಕು, ಅದೂ ಅವನದೇ ಕೈಬರಹದಲ್ಲಿ. ಆ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ. ಸಂಜೆ ಈ ಚೀಟಿಗಳನ್ನು ನೋಡಿಯೇ ರಿಜಿಸ್ಟರ್ ತುಂಬುತ್ತೇನೆ.

ಈಗ ಸೆಮಿಸ್ಟರಿನ ಮೊದಲ ದಿನವೇ ಎಂಟು ತಾರೀಖುಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅವು ಓದುವ ದಿನಗಳು. ಇಬ್ಬಿಬ್ಬರು ಕೂತು ಒಬ್ಬರ ಕರಡನ್ನು ಇನ್ನೊಬ್ಬರು ಓದಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಬೇಕು. ಉಳಿದ 37 ದಿನಗಳಲ್ಲಿ ಬರದವನಿಗೆ ಅವನ ಪಾಠವಷ್ಟೇ ತಪ್ಪುತ್ತದೆ. ಓದುವ ದಿನ ಬರದಿದ್ದರೆ ಜೊತೆಗಾರನ ಕರಡೂ ಓದುಗರಿಲ್ಲದೆ ಉಳಿಯುತ್ತದೆ. ಹೀಗೆ ಬಿಡಿಸಿ ಹೇಳಿದರೆ ಹದಿನೆಂಟು ವರ್ಷದ ಹುಡುಗರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಬರಲು ಆಗದವರು ಹಿಂದಿನ ರಾತ್ರಿಯೇ ಜೊತೆಗಾರರಿಗೆ ಮೆಸೇಜ್ ಮಾಡಬೇಕು, ಮೂರು ದಿನದೊಳಗೆ ಲೈಬ್ರರಿಯಲ್ಲಿ ಅವರ ಕರಡು ಓದಿ ಟಿಪ್ಪಣಿ ಕೊಡಬೇಕು. ಕೊಟ್ಟರೆ ಆ ದಿನದ ಆಂತರಿಕ ಅಂಕ ಪೂರ್ತಿ ಸಿಗುತ್ತದೆ. ಬರಿದೇ ಬಂದು ಕೂತದ್ದಕ್ಕೆ ನಾನು ಅಂಕ ಕೊಡುವುದಿಲ್ಲ. ಶೇ. 92 ಹಾಜರಿ ಇದ್ದೂ ಒಂದು ಪುಟ ಬರೆಯದವನಿಗೆ ಹಿಂದೊಮ್ಮೆ ಹಾಗೆ ಕೊಟ್ಟಿದ್ದು ಈಗಲೂ ನನ್ನನ್ನು ಕಾಡುತ್ತದೆ.

ನಾಲ್ಕು ಗೈರುಹಾಜರಿಯವರೆಗೆ ಕಾರಣ ಕೇಳುವುದಿಲ್ಲ, ಮೆಡಿಕಲ್ ಸರ್ಟಿಫಿಕೇಟೂ ಬೇಡ. ಮುಟ್ಟಿನ ನೋವು, ಮನೆಯ ಜಗಳ, ಸಾಲಗಾರರ ಕಾಟ, ಇವನ್ನೆಲ್ಲ ಮಕ್ಕಳು ನಮ್ಮೆದುರು ಹೇಳಿಕೊಂಡು ನಿಲ್ಲಬೇಕಾಗಿಲ್ಲ. ನಮ್ಮದು ಮಲೆನಾಡಿನ ತಾಲ್ಲೂಕು. ಅಡಿಕೆ ಕೊಯ್ಲು ಶುರುವಾದರೆ ಅರ್ಧ ತರಗತಿ ಅಡಿಕೆ ಸುಲಿಯುತ್ತಾ ಕೂತಿರುತ್ತದೆ. ಅದನ್ನು ಸೋಮಾರಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ವಾರಗಳಲ್ಲಿ ಓದುವ ದಿನ ಇಡುವುದಿಲ್ಲ, ಅಷ್ಟೇ. ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡೆಗೆ ಹೋದವರ ಹಾಜರಿಗೆ ನಿಯಮದಲ್ಲೇ ದಾರಿಯಿದೆ, ಪತ್ರ ತಂದರೆ ಸಾಕು.

ಮದುವೆಯಾಗಿ ಓದು ಮುಂದುವರಿಸುವ ಹೆಣ್ಣುಮಕ್ಕಳದ್ದು ಬೇರೆಯೇ ಪಾಡು. ಹೆರಿಗೆ ರಜೆ ಮತ್ತು ಹಾಜರಾತಿ ವಿನಾಯಿತಿಗೆ ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರಿನಲ್ಲೇ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಅದು ಗೊತ್ತಿಲ್ಲದೆ ಐದನೇ ಸೆಮಿಸ್ಟರಿಗೆ ಕಾಲೇಜು ಬಿಟ್ಟವರನ್ನು ನೋಡಿದ್ದೇನೆ. ಇಂಥ ವಿದ್ಯಾರ್ಥಿನಿ ನಿಮ್ಮ ತರಗತಿಯಲ್ಲಿದ್ದರೆ ಅವಳು ಬಂದು ಕೇಳಲಿ ಎಂದು ಕಾಯಬೇಡಿ. ನೀವೇ ಪ್ರಾಂಶುಪಾಲರ ಹತ್ತಿರ ಹೋಗಿ ಮಾತಾಡಿ.

ಶಾರ್ಟೇಜ್ ಪಟ್ಟಿ ಯಾವಾಗ ಹಾಕುತ್ತೇವೆ ಎನ್ನುವುದೂ ಮುಖ್ಯ. ಹದಿನಾಲ್ಕನೇ ವಾರ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಆಗ ಉಳಿದಿರುವುದು ಅಳು, ಅಪ್ಪನನ್ನು ಕರೆತರುವುದು, ಶಿಫಾರಸು. ನಾನು ಐದನೇ ವಾರಕ್ಕೇ ನನ್ನ ಪಟ್ಟಿ ಮಾಡುತ್ತೇನೆ, ಬೋರ್ಡಿಗೆ ಹಾಕುವುದಿಲ್ಲ. ಒಬ್ಬೊಬ್ಬರನ್ನೇ ಕರೆದು "ನೀನು ಐದು ತಪ್ಪಿಸಿದ್ದೀಯ, ಇನ್ನು ಆರು ಉಳಿದಿದೆ" ಎಂದು ಹೇಳುತ್ತೇನೆ. ಹೋದ ಸೆಮಿಸ್ಟರಿನಲ್ಲಿ ಹಾಗೆ ಕರೆದ ಒಂಬತ್ತು ಮಂದಿಯಲ್ಲಿ ಒಬ್ಬ ರಾತ್ರಿಯಿಡೀ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿ ಬೆಳಿಗ್ಗೆ ನಿದ್ದೆ ಹೋಗುತ್ತಿದ್ದ. ಮಧ್ಯಾಹ್ನ ತರಗತಿಯಿರುವ ವಿಭಾಗಕ್ಕೆ ಅವನನ್ನು ಹಾಕಿಸಿದೆವು. ಆಮೇಲೆ ಅವನು ತಪ್ಪಿಸಿದ್ದು ಎರಡೇ ತರಗತಿ, ಓದುವ ದಿನ ಒಂದೂ ಇಲ್ಲ.